ತಮಾಷೆ ಪ್ರಾಣ ತೆಗೆದಾಗ ಕಾನೂನಿನ ಹೊಣೆ ಯಾರದ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರ್ಯಾಂಕ್ ಒಂದು ಸಾವಿನಲ್ಲಿ ಮುಗಿದಾಗ ಠಾಣೆಯಲ್ಲಿ ಮೊದಲು ಕೇಳಿಬರುವ ಮಾತು: "ಬೇಕಂತ ಮಾಡಿದ್ದಲ್ಲ ಸಾರ್, ತಮಾಷೆಗೆ ಮಾಡಿದ್ದು." ಬಹುಪಾಲು ಸಲ ಆ ಮಾತು ನಿಜವೇ ಆಗಿರುತ್ತದೆ. ಆದರೆ ಅದರಿಂದ ಕೇಸು ಮುಗಿಯುವುದಿಲ್ಲ. ತಮಾಷೆ ಎನ್ನುವುದು ನೀವು ಯಾಕೆ ಮಾಡಿದಿರಿ ಎಂಬುದಕ್ಕೆ ಉತ್ತರ. ಮಾಡುವ ಹೊತ್ತಿಗೆ ನಿಮಗೆ ಏನು ಗೊತ್ತಿತ್ತು, ಸ್ವಲ್ಪ ಯೋಚಿಸಿದ್ದರೆ ಏನು ಗೊತ್ತಾಗುತ್ತಿತ್ತು ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ, ಕೋರ್ಟು ಹಿಡಿದುಕೊಳ್ಳುವುದೂ ಅದನ್ನೇ.

ಕೆಳಗಿನ ಉತ್ತರಗಳಿಗೆ ಆಧಾರ ಭಾರತದ ಕಾನೂನು. ತಮಾಷೆಯೇ ವಿಚಾರಣೆಗೆ ನಿಂತ ಕೆಲವು ಹೆಸರಾಂತ ಪ್ರಕರಣಗಳು ಇಂಗ್ಲೆಂಡ್, ಅಮೆರಿಕಗಳಲ್ಲಿ ನಡೆದಿರುವುದರಿಂದ ಅವನ್ನೂ ಜೊತೆಗೆ ಇಟ್ಟಿದ್ದೇನೆ. ಕಲಂ ಸಂಖ್ಯೆಗಳೆಲ್ಲ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯವು. ಅದಕ್ಕಿಂತ ಹಿಂದಿನ ಘಟನೆಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ.

ಕೊಲ್ಲುವ ಉದ್ದೇಶವೇ ಇರಲಿಲ್ಲ. ಆದರೂ ಅಪರಾಧವೇ?

ಆಗಬಹುದು. ಒಬ್ಬರ ಕೃತ್ಯದಿಂದ ಇನ್ನೊಬ್ಬರು ಸತ್ತಾಗ ಕಾನೂನು ಅದನ್ನು ಹಲವು ಮಟ್ಟಗಳಲ್ಲಿ ನೋಡುತ್ತದೆ. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಕಲಂ 106(1): ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಹಳೆಯ 304ಎ ಕಲಂನಲ್ಲಿ ಇದು ಎರಡೇ ವರ್ಷವಿತ್ತು. ಸಾವು ಸಂಭವಿಸುವ ಸಾಧ್ಯತೆ ಇದೆ ಎಂದು ಗೊತ್ತಿದ್ದೂ ಮಾಡಿದರೆ ಅದು ನರಹತ್ಯೆ. ಕಲಂ 105ರ ಪ್ರಕಾರ, ಉದ್ದೇಶ ಇಲ್ಲದೆ ತಿಳಿವು ಮಾತ್ರ ಇದ್ದಾಗಲೂ ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದು. ಕೊಲೆ ಎಂಬ ಕಲಂ 103ರ ಮಟ್ಟಕ್ಕೆ ಪ್ರ್ಯಾಂಕ್ ಹೋಗುವುದು ವಿರಳ, ಅಸಾಧ್ಯವೇನಲ್ಲ.

ನರಹತ್ಯೆಯ ವ್ಯಾಖ್ಯೆಗೆ ಕಾನೂನೇ ಕೊಟ್ಟಿರುವ ಮೊದಲ ಉದಾಹರಣೆ ನೋಡಿ. ಒಬ್ಬ ಗುಂಡಿಯ ಮೇಲೆ ಕಡ್ಡಿ ಹಾಸಿ, ಮೇಲೆ ಹುಲ್ಲುಹಾಸು ಮುಚ್ಚುತ್ತಾನೆ. ಇನ್ನೊಬ್ಬ ಗಟ್ಟಿ ನೆಲವೆಂದು ನಂಬಿ ಕಾಲಿಟ್ಟು, ಬಿದ್ದು ಸಾಯುತ್ತಾನೆ. ಸಾವಾಗಬಹುದು ಎಂದು ಗೊತ್ತಿದ್ದೂ ಮುಚ್ಚಿದ್ದರೆ ಅದು ನರಹತ್ಯೆ. ಹುಡುಗರು ಇದನ್ನೇ ಆಟವಾಗಿ ಆಡುತ್ತಾರೆ. ಆಟ ಎಲ್ಲಿ ಅಪರಾಧವಾಗುತ್ತದೆ ಎಂಬುದು ಗುಂಡಿಯ ಆಳ, ತಳದಲ್ಲಿ ಏನಿದೆ, ಮುಚ್ಚಿದವನಿಗೆ ಅದು ಗೊತ್ತಿತ್ತೇ ಎಂಬುದರ ಮೇಲೆ ನಿಂತಿದೆ.

ನಿರ್ಲಕ್ಷ್ಯಕ್ಕೂ "ಗೊತ್ತಿದ್ದೂ ಮಾಡಿದ್ದಕ್ಕೂ" ಗೆರೆ ಎಳೆಯುವುದು ಹೇಗೆ?

ಇದೇ ಅತಿ ಕಷ್ಟದ ಪ್ರಶ್ನೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಇದು ಮತ್ತೆ ಮತ್ತೆ ನಡೆಯುತ್ತಿದೆ. ಕಾರ್ಖಾನೆಗಳಲ್ಲಿ, ಗ್ಯಾರೇಜುಗಳಲ್ಲಿ ಏರ್ ಕಂಪ್ರೆಸರಿನ ಪೈಪನ್ನು ಜೊತೆಗಾರನ ಹಿಂಬದಿಗೆ ಹಿಡಿದು ಗಾಳಿ ಬಿಡುವ "ತಮಾಷೆ". ಧೂಳು ಹೊಡೆಯಲು, ಟೈರಿಗೆ ತುಂಬಲು ಬಳಸುವ ಆ ಒತ್ತಡವನ್ನು ಮನುಷ್ಯನ ಕರುಳು ತಡೆಯಲಾರದು. ಒಂದೆರಡು ಸೆಕೆಂಡಿನಲ್ಲಿ ಹೊಟ್ಟೆ ಉಬ್ಬುತ್ತದೆ, ಕರುಳು ಹರಿಯುತ್ತದೆ, ಮಲ ಹೊಟ್ಟೆಯೊಳಗೆ ಸೋರಿ ಸೋಂಕು ಹರಡುತ್ತದೆ. ಬಟ್ಟೆಯ ಮೇಲಿಂದ ಬಿಟ್ಟರೂ ಆಗಬಹುದು. ಆಪರೇಷನ್ ತಡವಾದರೆ ಪ್ರಾಣ ಉಳಿಯುವುದು ಕಷ್ಟ.

ಇದನ್ನು ಮಾಡಿದವನಿಗೆ ಏನು ಗೊತ್ತಿತ್ತು? ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಯಂತ್ರದ ಬಗ್ಗೆ ಯಾರೂ ಏನೂ ಹೇಳಿಲ್ಲ ಎಂದಾದರೆ ನಿರ್ಲಕ್ಷ್ಯದ ವಾದ ನಿಲ್ಲಬಹುದು. ವರ್ಷಗಟ್ಟಲೆ ಅದೇ ಪೈಪು ಹಿಡಿದವನು, "ಮೈಗೆ ತಾಗಿಸಬೇಡಿ" ಎಂಬ ಫಲಕದ ಕೆಳಗೇ ನಿಂತು ಮಾಡಿದರೆ, ನರಹತ್ಯೆಯ ಆರೋಪವನ್ನು ಕೆಳಗಿಳಿಸುವುದು ಅವನ ವಕೀಲರಿಗೆ ಸುಲಭವಲ್ಲ. ಕೃತ್ಯ ಒಂದೇ, ತಿಳಿವು ಬೇರೆ. ಹಾಗಾಗಿಯೇ ಇಂಥ ಪ್ರಕರಣಗಳಲ್ಲಿ ತರಬೇತಿ ದಾಖಲೆ, ಹಳೆಯ ಎಚ್ಚರಿಕೆ ನೋಟಿಸು, ವಾಟ್ಸಾಪ್ ಮೆಸೇಜುಗಳು ಶವಪರೀಕ್ಷೆ ವರದಿಯಷ್ಟೇ ತೂಕ ಪಡೆಯುತ್ತವೆ.

ಎಲ್ಲ ದೇಶಗಳೂ ಗೆರೆಯನ್ನು ಒಂದೇ ಕಡೆ ಎಳೆದಿಲ್ಲ. ಇಂಗ್ಲೆಂಡಿನಲ್ಲಿ ಇಬ್ಬರು ಹದಿನೈದರ ಹುಡುಗರು ಸೇತುವೆಯ ಮೇಲಿಂದ ರೈಲಿನ ಮೇಲೆ ಕಲ್ಲುಚಪ್ಪಡಿ ತಳ್ಳಿದರು. ರೈಲಿನ ಗಾರ್ಡ್ ಸತ್ತರು. 1976ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ನರಹತ್ಯೆಯ ತೀರ್ಪನ್ನು ಎತ್ತಿಹಿಡಿಯಿತು. ಆ ಹುಡುಗರಿಗೆ ಅಪಾಯ ಹೊಳೆದಿತ್ತೋ ಇಲ್ಲವೋ ಮುಖ್ಯವಲ್ಲ, ವಿವೇಕವಿದ್ದ ಯಾರಿಗಾದರೂ ಹೊಳೆಯುತ್ತಿತ್ತು ಎಂದರೆ ಸಾಕು ಎಂದಿತು. ಭಾರತದಲ್ಲಿ ಅಷ್ಟರಿಂದಲೇ ನರಹತ್ಯೆ ಆಗುವುದಿಲ್ಲ. ಇಲ್ಲಿ ಆರೋಪಿಯ ಸ್ವಂತ ತಿಳಿವನ್ನು ತೋರಿಸಬೇಕು. ನನಗೆ ನಮ್ಮ ದಾರಿಯೇ ಹೆಚ್ಚು ನ್ಯಾಯವೆನಿಸುತ್ತದೆ.

"ಅದೊಂದು ಆಕಸ್ಮಿಕ" ಎಂದರೆ ಬಿಡುಗಡೆ ಸಿಗುವುದಿಲ್ಲವೇ?

ಕಲಂ 18 ಆಕಸ್ಮಿಕಕ್ಕೆ ರಕ್ಷಣೆ ಕೊಡುತ್ತದೆ. ಆದರೆ ಮಾಡುತ್ತಿದ್ದ ಕೆಲಸ ಕಾನೂನುಬದ್ಧವಾಗಿರಬೇಕು, ಮಾಡಿದ ರೀತಿಯೂ ಸರಿಯಿರಬೇಕು, ತಕ್ಕ ಎಚ್ಚರಿಕೆ ವಹಿಸಿರಬೇಕು. ಕೊಡಲಿಯಿಂದ ಕೆಲಸ ಮಾಡುವಾಗ ಅದರ ತಲೆ ಕಳಚಿ ಹಾರಿ ಪಕ್ಕದವನಿಗೆ ಬಡಿದು ಸತ್ತರೆ, ಎಚ್ಚರಿಕೆಯ ಕೊರತೆ ಇರದಿದ್ದಲ್ಲಿ, ಅದು ಕ್ಷಮಾರ್ಹ ಎಂಬುದು ಕಾನೂನಿನದೇ ಉದಾಹರಣೆ. ಅದೇ ಕೊಡಲಿಯನ್ನು ಸ್ನೇಹಿತನನ್ನು ಹೆದರಿಸಲು ಬೀಸಿದ್ದರೆ ಈ ಕಲಂ ನೆರವಿಗೆ ಬರುವುದಿಲ್ಲ.

ಕೂರುವಾಗ ಕುರ್ಚಿ ಎಳೆಯುವಂಥ ಸಣ್ಣ ತಮಾಷೆಗೂ ಹೊಣೆಯೇ?

ಯಾರೂ ದೂರು ಹೇಳದಷ್ಟು ಸಣ್ಣ ಹಾನಿಯನ್ನು ಕಲಂ 33 ಅಪರಾಧವೆಂದು ಪರಿಗಣಿಸುವುದಿಲ್ಲ. ಆದರೆ ಕುರ್ಚಿ ಎಳೆಯುವುದು ಆ ಗುಂಪಿಗೆ ಸೇರುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಬೆನ್ನುಹುರಿಗೆ, ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದರೆ ಅದು ಜೀವನಪೂರ್ತಿಯ ಹಾನಿ. ಇತರರ ಪ್ರಾಣಕ್ಕೆ ಅಪಾಯ ತರುವ ದುಡುಕಿನ ಕೃತ್ಯದಿಂದ ತೀವ್ರ ಗಾಯವಾದರೆ ಕಲಂ 125ರಲ್ಲಿ ಮೂರು ವರ್ಷದವರೆಗೆ ಸೆರೆವಾಸವಿದೆ. ಸಾವು ಬೇಕಾಗಿಲ್ಲ.

ಕುರ್ಚಿಯ ಬಗ್ಗೆಯೇ ಒಂದು ಹೆಸರಾಂತ ತೀರ್ಪಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಆರು ತುಂಬದ ಹುಡುಗನೊಬ್ಬ, ಮಹಿಳೆಯೊಬ್ಬರು ಕೂರಲು ಹೊರಟ ಕುರ್ಚಿಯನ್ನು ಸರಿಸಿದ. ಅವರು ಬಿದ್ದು ಸೊಂಟದ ಮೂಳೆ ಮುರಿಯಿತು. ಆ ಜಾಗದಲ್ಲಿ ಅವರು ಕೂರಲಿದ್ದಾರೆ ಎಂದು ಹುಡುಗನಿಗೆ ಹೆಚ್ಚುಕಡಿಮೆ ಖಚಿತವಾಗಿ ಗೊತ್ತಿದ್ದರೆ ಸಾಕು, ನೋಯಿಸುವ ಆಸೆ ಇರಬೇಕಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1955ರಲ್ಲಿ ಹೇಳಿತು. ಕೊನೆಗೆ 11,000 ಡಾಲರ್ ಪರಿಹಾರದ ಆದೇಶವಾಯಿತು. ಇದು ಸಿವಿಲ್ ಮೊಕದ್ದಮೆ. ಅಷ್ಟು ಚಿಕ್ಕ ಮಗುವನ್ನು ಯಾರೂ ಜೈಲಿಗೆ ಕಳಿಸಲು ಹೊರಟಿರಲಿಲ್ಲ.

ತಮಾಷೆ ಮಾಡಿದ್ದು ಮಕ್ಕಳಾದರೆ?

ಏಳು ವರ್ಷದ ಒಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರ ನಡುವೆ, ತನ್ನ ಕೃತ್ಯದ ಪರಿಣಾಮ ಅರಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡುತ್ತಾರೆ. ಅಲ್ಲಿಂದ ಹದಿನೆಂಟರವರೆಗೆ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಹದಿನಾರು ದಾಟಿದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದೇ ಎಂಬ ಪರಿಶೀಲನೆ, ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಘೋರ ಅಪರಾಧಗಳಲ್ಲಿ ಮಾತ್ರ. ನಿರ್ಲಕ್ಷ್ಯದ ಸಾವು ಆ ಪಟ್ಟಿಗೆ ಬರುವುದಿಲ್ಲ.

ಅಪ್ಪ ಅಮ್ಮ ಮಗನ ಬದಲು ಜೈಲಿಗೆ ಹೋಗುವುದಿಲ್ಲ. ಆದರೆ ಮಂಡಳಿ ಅವರಿಗೆ ದಂಡ ಕಟ್ಟುವಂತೆ ಆದೇಶಿಸಬಹುದು. ಬೈಕಿನ ಕೀ, ಪಟಾಕಿ, ಏರ್‌ಗನ್ ಮಗುವಿನ ಕೈಗೆ ಸಿಗುವಂತೆ ಬಿಟ್ಟಿದ್ದರೆ ಅದು ಅವರದೇ ನಿರ್ಲಕ್ಷ್ಯವಾಗಿ ಪ್ರತ್ಯೇಕ ಹೊಣೆಯೂ ಬರಬಹುದು.

ಅವರಿಗೆ ಹೃದಯದ ತೊಂದರೆ ಇದ್ದದ್ದು ನಮಗೆ ಗೊತ್ತೇ ಇರಲಿಲ್ಲ. ಸುಮ್ಮನೆ ಹೆದರಿಸಿದೆವು.

ಕ್ರಿಮಿನಲ್ ಕೇಸಿನಲ್ಲಿ ಈ "ಗೊತ್ತಿರಲಿಲ್ಲ" ಎಂಬ ಮಾತಿಗೆ ನಿಜವಾದ ಬೆಲೆ ಇದೆ. ಕಾಯಿಲೆ ಇದ್ದವರ ಸಾವನ್ನು ಬೇಗ ತಂದರೂ ಅದು ಸಾವಿಗೆ ಕಾರಣವಾದಂತೆಯೇ ಎಂದು ಕಾನೂನು ಹೇಳುತ್ತದೆ, ನಿಜ. ಆದರೆ ಶಿಕ್ಷೆಗೆ ಕಾರಣವಾದದ್ದಷ್ಟೇ ಸಾಲದು, ತಿಳಿವೋ ನಿರ್ಲಕ್ಷ್ಯವೋ ಜೊತೆಗಿರಬೇಕು. ಗುಲ್ಮ (ಸ್ಪ್ಲೀನ್) ಊದಿಕೊಂಡವರಿಗೆ ಹಗುರವಾಗಿ ಹೊಡೆದು ಅವರು ಸತ್ತ ಹಳೆಯ ಪ್ರಕರಣಗಳಲ್ಲಿ, ಕಾಯಿಲೆ ಗೊತ್ತಿಲ್ಲದವರನ್ನು ಬರೀ ಗಾಯಗೊಳಿಸಿದ ಅಪರಾಧಕ್ಕೆ ಮಾತ್ರ ಹೊಣೆ ಮಾಡಿದ್ದುಂಟು. ವಯಸ್ಸಾದವರು, ಗರ್ಭಿಣಿ, ಸ್ಟೆಂಟ್ ಹಾಕಿಸಿಕೊಂಡವರು ಎಂದು ಗೊತ್ತಿದ್ದೂ ಹೆದರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಸಿವಿಲ್ ಕೋರ್ಟಿನ ತತ್ವ ಬೇರೆ. ತಪ್ಪು ಮಾಡಿದವರು ಎದುರಿನವರನ್ನು ಇದ್ದ ಹಾಗೆಯೇ ಸ್ವೀಕರಿಸಬೇಕು. ಅವರ ದೇಹ ದುರ್ಬಲವಾಗಿತ್ತು ಎಂಬ ಕಾರಣಕ್ಕೆ ಪರಿಹಾರ ಕಡಿಮೆಯಾಗುವುದಿಲ್ಲ.

ನಾವು ಮುಟ್ಟಲೇ ಇಲ್ಲ. ಒಂದು ಸುಳ್ಳು ಹೇಳಿದೆವು ಅಷ್ಟೇ.

1897ರ ಇಂಗ್ಲೆಂಡಿನ ವಿಲ್ಕಿನ್ಸನ್ ವಿರುದ್ಧ ಡೌನ್‌ಟನ್ ಪ್ರಕರಣ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಲಂಡನ್ನಿನ ಪಬ್ ಒಂದರ ಮಾಲೀಕ ಕುದುರೆ ರೇಸಿಗೆ ಹೋಗಿದ್ದಾಗ ಗಿರಾಕಿಯೊಬ್ಬ ಬಂದು ಅವರ ಹೆಂಡತಿಗೆ ಹೇಳಿದ: ನಿಮ್ಮ ಗಂಡನಿಗೆ ಅಪಘಾತವಾಗಿದೆ, ಎರಡೂ ಕಾಲು ಮುರಿದಿದೆ, ಎರಡು ದಿಂಬು ತೆಗೆದುಕೊಂಡು ಗಾಡಿ ಮಾಡಿಕೊಂಡು ಬೇಗ ಬನ್ನಿ. ಆ ದಿಂಬುಗಳೇ ಸುಳ್ಳನ್ನು ನಂಬಿಸಿದ್ದು. ಗಟ್ಟಿಮುಟ್ಟಾಗಿದ್ದ ಆಕೆ ಆ ಆಘಾತದಿಂದ ವಾರಗಟ್ಟಲೆ ನರಳಿದರು. ಕೇವಲ ಮಾತಿನಿಂದಾದ ಮನೋಘಾತಕ್ಕೆ ಪರಿಹಾರವಿಲ್ಲ ಎಂಬ ಅಂದಿನ ನಂಬಿಕೆಯನ್ನು ದಾಟಿ, ಇಂಥ ಮಾತು ಯಾರನ್ನಾದರೂ ಕುಗ್ಗಿಸುತ್ತದೆ, ಹಾಗಾಗಿ ಉದ್ದೇಶವಿತ್ತೆಂದೇ ಭಾವಿಸಬೇಕು ಎಂದು ನ್ಯಾಯಾಧೀಶರು ಹೇಳಿದರು. ನೂರು ಪೌಂಡ್ ಪರಿಹಾರ ಉಳಿಯಿತು. ಗಂಡನನ್ನು ಕರೆತರಲು ಆಕೆ ಕಳಿಸಿದವರ ರೈಲು ಖರ್ಚೂ ಸೇರಿತು.

"ನಿಮ್ಮ ಮಗಳಿಗೆ ಆಕ್ಸಿಡೆಂಟ್ ಆಗಿದೆ" ಎಂಬ ಇಂದಿನ ಪ್ರ್ಯಾಂಕ್ ಕಾಲ್ ಇದರದೇ ಇನ್ನೊಂದು ರೂಪ. ಫೋನ್ ಕಿವಿಗಿಟ್ಟುಕೊಂಡೇ ರಸ್ತೆಗೆ ಓಡಿಬಂದ ತಾಯಿಗೆ ವಾಹನ ಗುದ್ದಿದರೆ, "ಮಾತು ಅಷ್ಟೇ" ಎಂಬ ಸಮರ್ಥನೆ ಎಷ್ಟು ನಿಂತೀತು ಎಂದು ಕರೆ ಮಾಡುವ ಮೊದಲೇ ಯೋಚಿಸಿ.

ಪ್ರ್ಯಾಂಕಿನ ನಂತರ ಆ ವ್ಯಕ್ತಿ ಆತ್ಮಹತ್ಯೆ ಮಾಡಿಕೊಂಡರೆ?

ಕಲಂ 108, ಆತ್ಮಹತ್ಯೆಗೆ ಪ್ರಚೋದನೆ, ಹತ್ತು ವರ್ಷದವರೆಗೆ. ಎಫ್‌ಐಆರ್‌ನಲ್ಲಿ ಈ ಕಲಂ ಬೇಗ ಬಂದುಬಿಡುತ್ತದೆ, ಸಾಬೀತು ಮಾತ್ರ ಕಷ್ಟ. ಪ್ರಚೋದನೆ ಎಂದರೆ ಸಾಯುವಂತೆ ಹುರಿದುಂಬಿಸಿದ್ದು, ಸಂಚು ಹೂಡಿದ್ದು ಅಥವಾ ಬೇಕೆಂದೇ ನೆರವಾದದ್ದು. ಕೋಪದಲ್ಲಿ "ಹೋಗಿ ಸಾಯಿ" ಎಂದದ್ದೇ ಪ್ರಚೋದನೆಯಾಗದು ಎಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. ಒಂದು ಸಲದ ತಮಾಷೆ ಈ ಮಟ್ಟ ಮುಟ್ಟುವುದು ಅಪರೂಪ. ತಿಂಗಳುಗಟ್ಟಲೆ ಒಬ್ಬರನ್ನೇ ಗುರಿಮಾಡಿ, ತಿರುಚಿದ ಫೋಟೋ ಹರಿಬಿಟ್ಟು, ಅವರು ಕುಸಿಯುತ್ತಿರುವುದು ಕಾಣುತ್ತಿದ್ದರೂ ನಿಲ್ಲಿಸದಿದ್ದರೆ ಅದನ್ನು ಪ್ರ್ಯಾಂಕ್ ಎಂದು ಕರೆಯುವುದೇ ತಪ್ಪು.

2012ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಇಬ್ಬರು ರೇಡಿಯೋ ನಿರೂಪಕರು ಬ್ರಿಟನ್ನಿನ ರಾಣಿ ಮತ್ತು ಯುವರಾಜರಂತೆ ನಟಿಸಿ, ರಾಜಮನೆತನದ ಸೊಸೆ ದಾಖಲಾಗಿದ್ದ ಲಂಡನ್ ಆಸ್ಪತ್ರೆಗೆ ಕರೆ ಮಾಡಿದರು. ನಂಬಿ ಕರೆಯನ್ನು ವಾರ್ಡಿಗೆ ದಾಟಿಸಿದ, ಭಾರತ ಮೂಲದ ನರ್ಸ್ ಕೆಲವೇ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆಕೆ ಇಬ್ಬರು ಮಕ್ಕಳ ತಾಯಿ. ನರಹತ್ಯೆಯ ಆರೋಪಕ್ಕೆ ಸಾಕ್ಷ್ಯವಿಲ್ಲ ಎಂದು ಬ್ರಿಟಿಷ್ ಪ್ರಾಸಿಕ್ಯೂಷನ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಕಾನೂನಿನ ದೃಷ್ಟಿಯಲ್ಲಿ ಆ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ, ಒಪ್ಪಲು ಮನಸ್ಸು ಹಿಂಜರಿದರೂ. ಆದರೆ ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಒಪ್ಪಿಗೆಯಿಲ್ಲದೆ ಖಾಸಗಿ ಸಂಭಾಷಣೆ ಪ್ರಸಾರ ಮಾಡಿದ್ದಕ್ಕೆ ರೇಡಿಯೋ ಕಂಪನಿ ಪರವಾನಗಿ ಷರತ್ತು ಮುರಿದಿದೆ ಎಂದು ನಿಯಂತ್ರಣ ಪ್ರಾಧಿಕಾರ ಹೇಳಿತು. ಹಾಗೆ ಹೇಳುವ ಅಧಿಕಾರ ಅದಕ್ಕಿದೆ ಎಂದು 2015ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಎತ್ತಿಹಿಡಿಯಿತು. ಸಾವಿನ ಹೊಣೆ ಹೊರಿಸಲಾಗದಿದ್ದರೂ ಕೃತ್ಯದ ಹೊಣೆ ಹೀಗೆ ಬೇರೆ ಬಾಗಿಲಿನಿಂದ ಬರುತ್ತದೆ.

ಇಂಥ ಅವಮಾನದಲ್ಲಿ ನೀವೇ ಸಿಲುಕಿದ್ದರೆ, ಅಥವಾ ತಮಾಷೆ ಮಾಡಿ ಈಗ ಪಾಪಪ್ರಜ್ಞೆಯಲ್ಲಿ ಬೇಯುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ.

ನಡುವೆ ಇನ್ನೊಬ್ಬರ ಕೈ ಬಂದು ಸಾವಾದರೆ ಮೊದಲು ತಮಾಷೆ ಮಾಡಿದವನ ಹೊಣೆ ಕಳೆಯುತ್ತದೆಯೇ?

ಕೆಲವು ಸಲ ಕಳೆಯುತ್ತದೆ, ಎಲ್ಲ ಸಲವೂ ಅಲ್ಲ. ನಿರ್ಲಕ್ಷ್ಯದ ಪ್ರಕರಣದಲ್ಲಿ ಭಾರತದ ಕೋರ್ಟುಗಳು ನೇರ, ಹತ್ತಿರದ ಕಾರಣವನ್ನು ಕೇಳುತ್ತವೆ. ಬಣ್ಣದ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು ಏಳು ಕಾರ್ಮಿಕರು ಸತ್ತ ಪ್ರಕರಣದಲ್ಲಿ, ಮಾಲೀಕರು ಲೈಸೆನ್ಸ್ ಷರತ್ತು ಮುರಿದಿದ್ದರೂ ಸಾವಿಗೆ ಹತ್ತಿರದ ಕಾರಣ ಇನ್ನೊಬ್ಬರ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1965ರಲ್ಲಿ ಹೇಳಿತ್ತು.

ಆದರೆ ಆ ಇನ್ನೊಬ್ಬರು ಬರಲೆಂದೇ ಬಲೆ ಬೀಸಿದ್ದರೆ? 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಆನ್‌ಲೈನ್ ಗೇಮಿನ ಒಂದೂವರೆ ಡಾಲರ್ ಪಂತದ ಜಗಳ ಶುರುವಾಯಿತು. ಒಬ್ಬ ಹಳೆಯ ವಿಳಾಸ ಕೊಟ್ಟು "ಧೈರ್ಯವಿದ್ದರೆ ಮಾಡು" ಎಂದ. ಲಾಸ್ ಏಂಜಲೀಸ್‌ನಲ್ಲಿದ್ದ ಮೂರನೆಯವನೊಬ್ಬ ಕ್ಯಾನ್ಸಸ್‌ನ ವಿಚಿಟಾ ನಗರಕ್ಕೆ ಕರೆ ಮಾಡಿ, ಆ ಮನೆಯಲ್ಲಿ ಕೊಲೆಯಾಗಿದೆ, ಒತ್ತೆಯಾಳುಗಳಿದ್ದಾರೆ ಎಂದು ಸುಳ್ಳು ಹೇಳಿದ. ಗೇಮಿನ ಗಂಧವೂ ಇಲ್ಲದ ಒಬ್ಬರು ಬಾಗಿಲು ತೆರೆದು ಹೊರಬಂದರು, ಪೊಲೀಸ್ ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದ ಪೊಲೀಸನ ಮೇಲೆ ಕ್ರಿಮಿನಲ್ ಆರೋಪ ಬರಲಿಲ್ಲ. ಕರೆ ಮಾಡಿದವನಿಗೆ 2019ರಲ್ಲಿ 20 ವರ್ಷ ಜೈಲಾಯಿತು. ಇಲ್ಲಿ ಪೊಲೀಸರು ಬಂದದ್ದು ನಡುವೆ ನುಗ್ಗಿದ ಆಕಸ್ಮಿಕವೇ ಅಲ್ಲ, ಪ್ರ್ಯಾಂಕಿನ ತಿರುಳೇ ಅದು.

ಅವನೇ ಒಪ್ಪಿದ್ದ, ಅವನೇ ಚಾಲೆಂಜ್ ಹಾಕಿದ್ದ.

ಹದಿನೆಂಟು ದಾಟಿದವರ ಒಪ್ಪಿಗೆಗೆ ಕಲಂ 25 ಬೆಲೆ ಕೊಡುತ್ತದೆ. ಇಬ್ಬರು ಮೋಜಿಗೆ ಕತ್ತಿವರಸೆ ಆಡುವುದು ಅದರ ಉದಾಹರಣೆ. ಮಿತಿಯೂ ಅಲ್ಲೇ ಇದೆ: ಸಾವು ಅಥವಾ ತೀವ್ರ ಗಾಯವನ್ನು ಉದ್ದೇಶಿಸಿರಬಾರದು, ಆಗಬಹುದೆಂದು ಗೊತ್ತಿರಬಾರದು. ಪ್ರಾಣಾಪಾಯಕ್ಕೆ ವಯಸ್ಕರು ತಾವಾಗಿ ಒಪ್ಪಿದ್ದರೆ ಕೊಲೆಯ ಆರೋಪ ನರಹತ್ಯೆಗೆ ಇಳಿಯಬಹುದು, ಪೂರ್ತಿ ಹೋಗುವುದಿಲ್ಲ.

2017ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಯುವಕನೊಬ್ಬ ಯೂಟ್ಯೂಬ್ ವಿಡಿಯೋಗಾಗಿ ದಪ್ಪ ಪುಸ್ತಕವೊಂದನ್ನು ಎದೆಗೆ ಹಿಡಿದು, ಗುಂಡು ಹಾರಿಸು ಎಂದು ಗೆಳತಿಯನ್ನು ಒಪ್ಪಿಸಿದ. ಗುಂಡು ಪುಸ್ತಕ ದಾಟಿತು. ಆಕೆ ಗರ್ಭಿಣಿ, ಒಲ್ಲೆ ಒಲ್ಲೆ ಎಂದೇ ಹಾರಿಸಿದವಳು. ಆದರೂ ನರಹತ್ಯೆಯ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಬೇಕಾಯಿತು. ಇದಕ್ಕೆ ವಿರುದ್ಧವಾದ ತೀರ್ಪೂ ಉಂಟು. ಬ್ರಿಟಿಷ್ ವಾಯುಪಡೆಯ ಅಧಿಕಾರಿಗಳು ಪಾರ್ಟಿಯಲ್ಲಿ ಸಹೋದ್ಯೋಗಿಯ ಬೆಂಕಿನಿರೋಧಕ ಉಡುಪಿಗೆ ಸ್ಪಿರಿಟ್ ಸುರಿದು ಬೆಂಕಿ ಹಚ್ಚಿದರು, ದೇಹದ 35% ಸುಟ್ಟಿತು. ಒರಟಾಟಕ್ಕೆ ಆತನ ಒಪ್ಪಿಗೆ ಇತ್ತೇ ಎಂಬುದನ್ನು ಕೆಳಗಿನ ಕೋರ್ಟ್ ಸರಿಯಾಗಿ ಪರಿಗಣಿಸಲಿಲ್ಲವೆಂದು 1992ರಲ್ಲಿ ಶಿಕ್ಷೆ ರದ್ದಾಯಿತು. ಆ ತೀರ್ಪು ನನಗೆ ಒಪ್ಪಿಗೆಯಾಗಿಲ್ಲ. ಗೆಳೆಯರ ಗುಂಪಿನ ನಡುವೆ "ಬೇಡ" ಎನ್ನಲಾರದೆ ನಕ್ಕು ಸುಮ್ಮನಾಗುವುದನ್ನು ಒಪ್ಪಿಗೆ ಎಂದು ಓದಿದರೆ ಬಲಿಯಾಗುವವರು ಯಾವಾಗಲೂ ಗುಂಪಿನ ಅತಿ ಮೆತ್ತನೆಯವರೇ.

ದೆವ್ವದ ವೇಷ ಹಾಕಿ ಹೆದರಿಸಲು ಹೋದವನನ್ನೇ ಹೆದರಿದವರು ಹೊಡೆದು ಸಾಯಿಸಿದರೆ?

ಒಳ್ಳೆಯ ನಂಬಿಕೆಯಿಂದಾದ ವಾಸ್ತವಾಂಶದ ತಪ್ಪುಗ್ರಹಿಕೆಗೆ ಕಲಂ 17 ರಕ್ಷಣೆ ಕೊಡುತ್ತದೆ. 1960ರಲ್ಲಿ ವರದಿಯಾದ ಒರಿಸ್ಸಾ ಹೈಕೋರ್ಟ್ ತೀರ್ಪೊಂದಿದೆ. ರಾತ್ರಿ ಪಾಳುಬಿದ್ದ ವಿಮಾನ ನಿಲ್ದಾಣದ ಬಯಲಲ್ಲಿ ಬೆಳಕೊಂದು ಅಲುಗಾಡಿದ್ದು ಕಂಡು, ದೆವ್ವಗಳೇ ಕುಣಿಯುತ್ತಿವೆ ಎಂದು ನಂಬಿದ ಒಬ್ಬ ಕುಕ್ರಿ (ಬಾಗಿದ ದೊಡ್ಡ ಚಾಕು) ಬೀಸಿದ. ಅಲ್ಲಿದ್ದದ್ದು ಲಾಟೀನು ಇಟ್ಟುಕೊಂಡು ಹಿಪ್ಪೆ ಹೂ ಆಯುತ್ತಿದ್ದ ಹೆಂಗಸರು. ಒಬ್ಬಾಕೆ ಸತ್ತರು. ಅವನ ನಂಬಿಕೆ ಪ್ರಾಮಾಣಿಕ ಎಂದು ಕೋರ್ಟ್ ಬಿಡುಗಡೆ ಮಾಡಿತು. ಅಲ್ಲಿ ಪ್ರ್ಯಾಂಕ್ ಇರಲಿಲ್ಲ. ಆದರೆ ಮುಸುಕು ಹಾಕಿಕೊಂಡು, ಚಾಕು ಹಿಡಿದು ಅಪರಿಚಿತರ ಮೇಲೆ ನುಗ್ಗುವವರು ತಿಳಿಯಬೇಕು, ಎದುರಿನವರಿಗೆ ಆತ್ಮರಕ್ಷಣೆಯ ಹಕ್ಕಿದೆ.

ನಾನು ವಿಡಿಯೋ ಮಾತ್ರ ಮಾಡಿದ್ದು.

ಸುಮ್ಮನೆ ಅಲ್ಲಿದ್ದದ್ದು ಅಪರಾಧವಲ್ಲ. ಮೊದಲೇ ಸೇರಿ ಯೋಜಿಸಿದ್ದರೆ, ಬಾಗಿಲು ತಡೆದಿದ್ದರೆ, ಕೈ ಹಿಡಿದುಕೊಂಡಿದ್ದರೆ, "ಇನ್ನೂ ಸ್ವಲ್ಪ" ಎಂದು ಕೂಗಿದ್ದರೆ ಸಮಾನ ಉದ್ದೇಶ ಅಥವಾ ಪ್ರೇರಣೆಯ ಹೊಣೆ ಬರಬಹುದು. ಆ ಕೂಗು ನಿಮ್ಮದೇ ಫೋನಿನಲ್ಲಿ ದಾಖಲಾಗಿರುತ್ತದೆ. ವಿಡಿಯೋ ಅಳಿಸಿದರೆ ಸಾಕ್ಷ್ಯನಾಶ, ಕಲಂ 238, ಎಂಬ ಹೊಸ ಆರೋಪ ಸೇರುತ್ತದೆ. ಅಳಿಸಿದ್ದನ್ನು ಫೊರೆನ್ಸಿಕ್ ಲ್ಯಾಬಿನಲ್ಲಿ ಮರಳಿ ತೆಗೆಯುವುದು ಎಷ್ಟೋ ಸಲ ಸಾಧ್ಯ.

ಕಾಲೇಜಿನಲ್ಲಿ ಸೀನಿಯರ್‌ಗಳು ಮಾಡುವ ತಮಾಷೆ?

ಕರ್ನಾಟಕ ಶಿಕ್ಷಣ ಕಾಯ್ದೆ, 1983 ರ‍್ಯಾಗಿಂಗ್‌ನ ವ್ಯಾಖ್ಯೆಯಲ್ಲೇ ಕುಚೇಷ್ಟೆಯ ರೂಪದಲ್ಲಿ ಮಾಡಿದ್ದನ್ನೂ ಸೇರಿಸಿದೆ. "ಜಸ್ಟ್ ಫನ್" ಎಂಬ ವಾದವನ್ನು ಶಾಸನವೇ ಮುಚ್ಚಿಹಾಕಿದೆ.

ಅನಾಹುತ ಆಗಿಬಿಟ್ಟಿದೆ. ತಕ್ಷಣ ಏನು ಮಾಡಬೇಕು?

112ಕ್ಕೋ 108ಕ್ಕೋ ಕರೆ ಮಾಡಿ. ವೈದ್ಯರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ. ಗಾಳಿ ಬಿಟ್ಟದ್ದನ್ನು ಮುಚ್ಚಿಟ್ಟು "ಹೊಟ್ಟೆನೋವು" ಎಂದರೆ, ಕುಡಿಯುವುದರಲ್ಲಿ ಏನೋ ಬೆರೆಸಿದ್ದನ್ನು ಹೇಳದಿದ್ದರೆ, ಉಳಿಯಬಹುದಾದ ಜೀವ ಹೋಗುತ್ತದೆ. ಅಪಾಯವನ್ನು ನೀವೇ ಹುಟ್ಟುಹಾಕಿದ ಮೇಲೆ ಅದನ್ನು ತಡೆಯುವ ಕರ್ತವ್ಯವೂ ನಿಮ್ಮದೇ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1983ರಲ್ಲಿ ಹೇಳಿದೆ. ಓಡಿಹೋದವರ ಮೇಲೆ ಯಾವ ನ್ಯಾಯಾಧೀಶರಿಗೂ ಕನಿಕರ ಹುಟ್ಟುವುದು ಕಷ್ಟ. ಪೊಲೀಸರಿಗೆ ಹೇಳಿಕೆ ಕೊಡುವ ಮೊದಲು ವಕೀಲರನ್ನು ಕಾಣುವುದು ನಿಮ್ಮ ಹಕ್ಕು. ಅದನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮಾಡಿ.

ಜಾಮೀನು ಸಿಗುತ್ತದೆಯೇ? ರಾಜಿ ಮಾಡಿಕೊಳ್ಳಬಹುದೇ?

106(1) ಜಾಮೀನು ಸಿಗುವ ಅಪರಾಧ, 105 ಅಲ್ಲ. ಎರಡೂ ರಾಜಿಯಾಗುವ ಪಟ್ಟಿಯಲ್ಲಿಲ್ಲ. ಮೃತರ ಮನೆಯವರು ಕ್ಷಮಿಸಿದರೂ ಕೇಸು ತಾನಾಗಿ ಮುಗಿಯದು. ರದ್ದತಿಗೆ ಹೈಕೋರ್ಟಿಗೇ ಹೋಗಬೇಕು, ಜೀವ ಹೋದ ಪ್ರಕರಣಗಳಲ್ಲಿ ಅದೂ ಸಲೀಸಲ್ಲ.

ನಾವು ಮೃತರ ಮನೆಯವರು. ನಮಗೇನು ದಾರಿ?

ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಲೇಬೇಕು, ಕೇಳಿ ಪಡೆಯಿರಿ. ಶವಪರೀಕ್ಷೆ ವರದಿ, ಆಸ್ಪತ್ರೆಯ ಕೇಸ್ ಶೀಟ್, ಹರಿದಾಡುತ್ತಿರುವ ವಿಡಿಯೋದ ಪ್ರತಿ ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ. ವಿಡಿಯೋ ಅಳಿಸಿಹೋಗುವ ಮೊದಲೇ ಅದರ ಲಿಂಕ್, ದಿನಾಂಕ, ಖಾತೆಯ ಹೆಸರು ಬರೆದಿಡಿ. ಪೊಲೀಸರು 106 ಹಾಕಿದ್ದು, ಅಪಾಯ ಗೊತ್ತಿದ್ದೇ ಮಾಡಿದ್ದೆಂದು ನಿಮ್ಮ ಬಳಿ ಆಧಾರವಿದ್ದರೆ ಅದನ್ನು ಲಿಖಿತವಾಗಿ ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಪರಿಹಾರಕ್ಕೆ ಕ್ರಿಮಿನಲ್ ಕೇಸು ಮುಗಿಯಲೆಂದು ಕಾಯಬೇಡಿ. 1855ರ ಮಾರಕ ಅಪಘಾತಗಳ ಕಾಯ್ದೆಯ ಪ್ರಕಾರ ಗಂಡ, ಹೆಂಡತಿ, ತಂದೆ ತಾಯಿ, ಮಕ್ಕಳ ಪರವಾಗಿ ಸಿವಿಲ್ ದಾವೆ ಹೂಡಬಹುದು, ಆದರೆ ಸಾವಿನ ದಿನದಿಂದ ಎರಡು ವರ್ಷದೊಳಗೆ. ಕ್ರಿಮಿನಲ್ ವಿಚಾರಣೆ ಇದಕ್ಕಿಂತ ಹೆಚ್ಚು ಕಾಲ ಎಳೆಯಬಹುದು, ತೀರ್ಪು ಬರಲಿ ಎಂದು ಕಾದ ಕುಟುಂಬದ ಹಕ್ಕು ಅಷ್ಟರಲ್ಲಿ ಸತ್ತುಹೋಗುತ್ತದೆ. ಸಂತ್ರಸ್ತರ ಪರಿಹಾರ ಯೋಜನೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ. ಸಹಾಯವಾಣಿ 15100.